ಮಾತಾಡಿ ಮುಗಿಸಿದರೆ ಮುಗಿಯುವುದಿಲ್ಲ

ಮಂಗಳೂರಿನ ಮಣ್ಣಿನ ಗುಣ ಇಲ್ಲಿಯ ಮೇಸ್ತ್ರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಬೇಸಿಗೆಯಲ್ಲಿ ಶೇಡಿ ಮಣ್ಣನ್ನು ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ಮಳೆನೀರು ಒಳಗಿಳಿಯಿತೋ, ಹಿಡಿತ ಬಿಟ್ಟು ಒಮ್ಮೆಗೇ ಕುಸಿಯುತ್ತದೆ. ಅಂಥ ಗುಡ್ಡವನ್ನೇ ಕಡಿದು ನಾವು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದೇವೆ. ಜೂನ್ ಬಂದರೂ ಅಗೆತ ನಿಲ್ಲುವುದಿಲ್ಲ. ಕಡಿದ ಜಾಗಕ್ಕೆ ನೀಲಿ ಟಾರ್ಪಾಲು ಹೊದೆಸಿ, ಗುಂಡಿಗೆ ಪಂಪು ಇಳಿಸಿ, ಹವಾಯಿ ಚಪ್ಪಲಿ ಹಾಕಿದ ಹುಡುಗರನ್ನು ಕೆಳಗೆ ಕಳಿಸುತ್ತಾರೆ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದ ಕಡೆ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಕ್ಕಿಹಾಕಿಕೊಂಡರು. ಒಬ್ಬರನ್ನು ಜೀವಂತ ಹೊರತೆಗೆದರು. ಇನ್ನೊಬ್ಬರು ಉಳಿಯಲಿಲ್ಲ.

ನಾನು ಉಡುಪಿಯವನು. ಈಗ ಇಂಗ್ಲೆಂಡಿನಲ್ಲಿ ಕಟ್ಟಡದ ಕೆಲಸದಲ್ಲೇ ಇಂಜಿನಿಯರ್ ಆಗಿದ್ದೇನೆ. ಅಲ್ಲಿ ಎಲ್ಲವೂ ಸರಿ, ಇಲ್ಲಿ ಎಲ್ಲವೂ ತಪ್ಪು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. 2023-24ರ ಒಂದೇ ವರ್ಷದಲ್ಲಿ ಬ್ರಿಟನ್ನಿನಲ್ಲೂ ಕಟ್ಟಡದ ಕೆಲಸದಲ್ಲಿ 51 ಮಂದಿ ಸತ್ತಿದ್ದಾರೆ. ಎತ್ತರದಿಂದ ಬಿದ್ದು ಸತ್ತವರೇ ಅದರಲ್ಲಿ ಜಾಸ್ತಿ. ಆದರೆ ಆ 51 ಎಂಬ ಲೆಕ್ಕ ಇದೆಯಲ್ಲ, ನನಗೆ ಮುಖ್ಯ ಅನ್ನಿಸುವುದು ಅದು. ಒಬ್ಬೊಬ್ಬರೂ ಹೇಗೆ ಸತ್ತರು ಎಂದು ಬರೆದಿಟ್ಟಿದ್ದಾರೆ. ಪೆಟ್ಟಾಗಿ ಏಳು ದಿನಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೂ ಸರ್ಕಾರಕ್ಕೆ ತಿಳಿಸಲೇಬೇಕು.

ಅಲ್ಲಿನ ಸೈಟಿನಲ್ಲಿ ಸಾರ್ವೆ (ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣಿಗೆ) ಹತ್ತುವ ಏಣಿಯ ಬುಡದಲ್ಲಿ ಅಂಗೈಯಗಲದ ಒಂದು ಹಸಿರು ಚೀಟಿ ಸಿಕ್ಕಿಸಿರುತ್ತಾರೆ. ಕೊನೆಯ ಸಲ ಯಾವತ್ತು ನೋಡಿದ್ದು, ನೋಡಿದವರು ಯಾರು, ಕೆಳಗೆ ಸಹಿ. ಎರಡು ಮೀಟರ್ ಅಥವಾ ಅದಕ್ಕಿಂತ ಎತ್ತರದಿಂದ ಬೀಳುವ ಅಪಾಯ ಇದ್ದರೆ ಏಳು ದಿನಕ್ಕೊಮ್ಮೆ ಸಾರ್ವೆಯನ್ನು ನೋಡಬೇಕು. ಗಾಳಿಮಳೆ ಜೋರಾದರೆ ಮತ್ತೆ ನೋಡಬೇಕು. 2005ರ ನಿಯಮ ಅದು. ಚೀಟಿ ತೆಗೆದರೆ ಹಿಂದಿನಿಂದ ‘ಹತ್ತಬೇಡಿ’ ಎಂಬ ಬರಹ ಕಾಣುತ್ತದೆ. ಆಗ ಕೆಲಸದವನು ಹತ್ತುವುದಿಲ್ಲ. ನಮ್ಮ ಊರಿನ ಹುಡುಗ ಹಾಗೆ ನಿಂತರೆ ಮರುದಿನ ಅವನಿಗೆ ಕೆಲಸ ಇರುತ್ತದಾ?

ನಮ್ಮಲ್ಲಿ ಕಾನೂನು ಇಲ್ಲ ಎಂದಲ್ಲ. ಕೆಲಸದಲ್ಲಿ ಪೆಟ್ಟಾದರೆ, ಮಾಲೀಕನ ತಪ್ಪೇ ಎಂದು ತೋರಿಸದಿದ್ದರೂ ಪರಿಹಾರ ಸಿಗಬೇಕು ಎಂಬ ಕಾನೂನು 1923ರಲ್ಲೇ ಬಂದಿದೆ. 1996ರಿಂದ ಕಟ್ಟಡದ ಖರ್ಚಿನ ಮೇಲೆ ಕಾರ್ಮಿಕರಿಗಾಗಿ ಸೆಸ್ ಕೂಡ ಇದೆ. ಆದರೆ ಆ ದುಡ್ಡಿನಿಂದ ನಡೆಯುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಬೇಕಾದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಕಾಗದ ಬೇಕು. ಗದಗದಿಂದಲೋ ಬಿಹಾರದಿಂದಲೋ ಬಂದು, ಸೈಟಿನಿಂದ ಸೈಟಿಗೆ ಹೋಗುವವನಿಗೆ ಆ ಕಾಗದ ಬರೆದುಕೊಡುವವರು ಯಾರು? ಅವನು ಬಿದ್ದಾಗ ಆಗುವುದು ಇಷ್ಟೇ. ಗುತ್ತಿಗೆದಾರ ಆಸ್ಪತ್ರೆಗೆ ಸೇರಿಸುತ್ತಾನೆ, ಮನೆಯವರ ಕೈಗೆ ಒಂದಷ್ಟು ದುಡ್ಡು ಕೊಡುತ್ತಾನೆ, “ಕೇಸು ಗೀಸು ಬೇಡ, ಮಾತಾಡಿ ಮುಗಿಸುವ” ಅನ್ನುತ್ತಾನೆ. ಎಲ್ಲಿಯೂ ಬರೆದಿಡುವುದಿಲ್ಲ. ಹಾಗಾಗಿ ಮುಂದಿನ ಸೈಟಿನಲ್ಲಿ ಲಿಫ್ಟಿನ ಗುಂಡಿಗೆ ಮತ್ತೆ ಅದೇ ಒಂದು ಹಲಗೆ ಅಡ್ಡ ಇಡುತ್ತಾರೆ.

ಆಸ್ಪತ್ರೆಯ ಕತೆಯೂ ಬೇರೆ ಅಲ್ಲ. ನಮ್ಮ ಚಿಕ್ಕಪ್ಪನಿಗೆ ಒಂದು ಆ್ಯಂಟಿಬಯೋಟಿಕ್ ಆಗುವುದಿಲ್ಲ. ಅಡ್ಮಿಟ್ ಮಾಡುವಾಗಲೇ ಚಿಕ್ಕಮ್ಮ ಅದನ್ನು ಹೇಳಿದ್ದರು, ಫೈಲಿನ ಮೊದಲ ಹಾಳೆಯಲ್ಲಿ ಬರೆದೂ ಇತ್ತು. ಶಿಫ್ಟ್ ಬದಲಾಯಿತು. ರಾತ್ರಿ ಬಂದವರು ಆ ಹಾಳೆ ನೋಡದೆ ಅದೇ ಇಂಜೆಕ್ಷನ್ ಕೊಟ್ಟರು. ಮೈಯೆಲ್ಲ ಊದಿಕೊಂಡು, ಉಸಿರು ಕಟ್ಟಿ ಐಸಿಯುಗೆ ಹಾಕಿದರು. ಜೀವ ಉಳಿಯಿತು. ಆದರೆ ಡಾಕ್ಟರು ಹೇಳಿದ್ದು, “ಬಾಡಿ ರಿಯಾಕ್ಷನ್ ಅಮ್ಮ, ಏನು ಮಾಡ್ಲಿಕ್ಕೆ ಆಗ್ತದೆ?” ಐಸಿಯು ಬಿಲ್ಲನ್ನೂ ನಾವೇ ಕಟ್ಟಿದೆವು. ಚಿಕ್ಕಮ್ಮನಿಗೆ ದುಡ್ಡು ಬೇಕಿರಲಿಲ್ಲ. ನಿಜ ಏನೆಂದು ಯಾರಾದರೂ ಕೂತು ಹೇಳಬೇಕಿತ್ತು. ಇವತ್ತಿಗೂ ಯಾರೂ ಹೇಳಿಲ್ಲ.

ಇಂಗ್ಲೆಂಡಿನಲ್ಲಿ ಅಲರ್ಜಿ ಇದ್ದವರ ಕೈಗೆ ಕೆಂಪು ಪಟ್ಟಿ ಕಟ್ಟುತ್ತಾರೆ. ಫೈಲ್ ತೆರೆಯದವರಿಗೂ ಕಾಣಬೇಕಲ್ವಾ. ಅದಕ್ಕಿಂತ ದೊಡ್ಡದು, 2014ರಲ್ಲಿ ಬಂದ ನಿಯಮ. ಚಿಕಿತ್ಸೆಯಲ್ಲಿ ಎಡವಟ್ಟಾಗಿ ರೋಗಿಗೆ ದೊಡ್ಡ ತೊಂದರೆಯಾದರೆ ಆಸ್ಪತ್ರೆ ತಾನಾಗಿಯೇ ಹೇಳಬೇಕು, ಕ್ಷಮೆ ಕೇಳಬೇಕು, ಬರವಣಿಗೆಯಲ್ಲೂ ಕೊಡಬೇಕು. ಅದು ಸುಮ್ನೆ ಬಂದದ್ದಲ್ಲ. ಸ್ಟಾಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಕಡೆಗಣಿಸಿದ್ದು ತನಿಖೆಯಲ್ಲಿ ಹೊರಬಿದ್ದ ಮೇಲೆ ಬಂದದ್ದು. ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ ಎಂದು 2006ರಲ್ಲೇ ಕಾನೂನು ಮಾಡಿಟ್ಟಿದ್ದರು. ಡಾಕ್ಟರಿಗೆ ಬಾಯಿ ಬಿಡುವ ಧೈರ್ಯ ಬರುವುದು ಹಾಗೆ. ಅಲ್ಲೂ ಮುಚ್ಚಿಡುವವರಿದ್ದಾರೆ, ಪರಿಹಾರದ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ, ಅದೂ ನಿಜ. ಆದರೂ ಆಸ್ಪತ್ರೆ ತಾನಾಗಿಯೇ ನಿಜ ಹೇಳಬೇಕು ಎಂಬ ಈ ಒಂದು ಕಾನೂನು ನಮಗೆ ಬೇಕೇ ಬೇಕು. ಮಂಗಳೂರು, ಮಣಿಪಾಲದಂಥ ಕಡೆಯಿಂದಲೇ ಇದು ಶುರುವಾಗಬಹುದು. ಇಷ್ಟು ಮೆಡಿಕಲ್ ಕಾಲೇಜುಗಳಿರುವ ಕರಾವಳಿ ಇದು. ಕಾರವಾರದಿಂದಲೂ ಜನ ಆ್ಯಂಬುಲೆನ್ಸಿನಲ್ಲಿ ಬರುವುದು ಇಲ್ಲಿಗೇ. ನಿಜ ಹೇಳದೆ ಇರುವುದರಿಂದಲೇ ಜನಕ್ಕೆ ಸಂಶಯ ಬರುತ್ತದೆ, ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಕೊನೆಗೆ ಎದುರಿಸುವವರು ರಾತ್ರಿ ಡ್ಯೂಟಿಯ ಸಣ್ಣ ವಯಸ್ಸಿನ ಡಾಕ್ಟರುಗಳು.

ಅಲ್ಲಿಯವರೆಗೆ ಊರಿನವರಿಗೆ ಒಂದು ಮಾತು. ಫೈಲಿನ ಪ್ರತಿ ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮವೇ ಹೇಳುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದುಕೊಡಿ, ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಬೇಜವಾಬ್ದಾರಿ ಆಗಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅದಕ್ಕಿರುವುದು ಎರಡೇ ವರ್ಷ.

ಇನ್ನು ನನ್ನಂಥ ಹೊರನಾಡಿನವರಿಗೆ. ಮಂಗಳೂರು, ಉಡುಪಿಯಲ್ಲಿ ಏಳುತ್ತಿರುವ ಫ್ಲಾಟುಗಳಲ್ಲಿ ದುಬೈ, ಮುಂಬೈ, ಲಂಡನ್ನಿನ ನಮ್ಮವರ ದುಡ್ಡು ಎಷ್ಟೋ ಇದೆ. ಕಾರ್ ಪಾರ್ಕಿಂಗ್ ಎಷ್ಟು, ಟೈಲ್ಸ್ ಯಾವುದು, ಸಮುದ್ರ ಕಾಣುತ್ತದಾ ಎಂದು ಬಿಲ್ಡರ್ ಹತ್ತಿರ ವಿಚಾರಿಸುತ್ತೇವೆ. ಅದರ ಜೊತೆಗೆ ಇದನ್ನೂ ಕೇಳೋಣ. ಗುಡ್ಡ ಕಡಿದ ಕಡೆ ಮಣ್ಣು ಜರಿಯದ ಹಾಗೆ ಏನು ಮಾಡಿದ್ದೀರಿ? ಮಳೆಗಾಲದಲ್ಲಿ ಅಗೆತ ನಿಲ್ಲಿಸುತ್ತೀರಾ? ಕೆಲಸದವರಿಗೆ ಮಂಡಳಿಯ ಕಾರ್ಡ್ ಮಾಡಿಸಿದ್ದೀರಾ? ಈ ಸೈಟಿನಲ್ಲಿ ಯಾರಿಗಾದರೂ ಪೆಟ್ಟಾಗಿದೆಯಾ, ಬರೆದಿಟ್ಟ ಪುಸ್ತಕ ಎಲ್ಲಿದೆ? ಮೊದಲ ಕಂತು ಕಟ್ಟುವ ಮೊದಲೇ ಕೇಳಬೇಕು. ಕಟ್ಟಿದ ಮೇಲೆ ನಮಗೂ ಯಾರೂ ಉತ್ತರ ಕೊಡುವುದಿಲ್ಲ.