ಪರೀಕ್ಷೆಗೆ ಎರಡನೇ ಅವಕಾಶವಿದೆ, ಪಾಠಕ್ಕೆ ಏಕಿಲ್ಲ?

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಈಗೀಗ ಗುರುವಂದನೆ ಮತ್ತು ಸ್ನೇಹ ಸಮ್ಮಿಲನದ ಕಾರ್ಯಕ್ರಮಗಳು ಊರೂರಲ್ಲೂ ನಡೆಯುತ್ತಿವೆ. ಇಂತಿಂಥ ಸಾಲಿನ ಎಸ್‌ಎಸ್‌ಎಲ್‌ಸಿ ಬ್ಯಾಚಿನವರೆಲ್ಲ ಸೇರಿ ಕಲ್ಯಾಣ ಮಂಟಪ ಹಿಡಿದು, ನಿವೃತ್ತ ಮೇಷ್ಟ್ರುಗಳಿಗೆ ಶಾಲು ಹೊದಿಸಿ, ಒಂದೇ ಬಣ್ಣದ ಸೀರೆಯುಟ್ಟು ತೆಗೆಸಿಕೊಂಡ ಫೋಟೊಗಳನ್ನು ಇಲ್ಲಿ ಹಾಕುತ್ತಾರೆ. ಅದರ ಕೆಳಗೆ ಒಬ್ಬರಾದರೂ ‘ಆ ದಿನಗಳು ಮತ್ತೊಮ್ಮೆ ಬರಬಾರದೇ’ ಎಂದು ಬರೆದೇ ಬರೆಯುತ್ತಾರೆ. ಹಳೆಯ ನೆನಪಿನ ಹಂಬಲವೆಂದು ತಿಳಿದು ನಾವೂ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತೇವೆ. ಆದರೆ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅದರಲ್ಲಿ ಒಂದು ನಿಜವಾದ ಬೇಡಿಕೆಯಿದೆ, ಆ ಬೇಡಿಕೆಯಲ್ಲಿ ಒಂದು ಭಾಗವನ್ನಾದರೂ ಈಡೇರಿಸಲು ಸಾಧ್ಯವಿದೆ ಎಂದು ನಂಬಿದ್ದೇನೆ.

ಶಾಲೆಯ ದಿನಗಳು ಮರಳಿ ಬೇಕೆಂದು ನಾನೂ ಬಯಸುತ್ತೇನೆ. ಆ ವಯಸ್ಸು ಬರಲಾರದು, ಅದಕ್ಕಾಗಿ ನನಗೆ ಕೊರಗೂ ಇಲ್ಲ. ನನಗೆ ಬೇಕಾಗಿರುವುದು ಪಾಠಗಳು. ತಿಳಿಯದ್ದನ್ನು ‘ತಿಳಿಯಲಿಲ್ಲ ಸಾರ್, ಇನ್ನೊಮ್ಮೆ ಹೇಳಿ’ ಎಂದು ನಾಚಿಕೆಯಿಲ್ಲದೆ ಕೇಳಬಹುದಾದ, ಕೇಳಿದರೆ ಹೇಳಿಕೊಡುವವರು ಎದುರಿಗೇ ಇರುವ ಒಂದು ಕೋಣೆ ನನಗೆ ಬೇಕು. ದೊಡ್ಡವರಾದ ಮೇಲೆ ಅಂಥ ಜಾಗ ನಮಗೆ ಎಲ್ಲಿಯೂ ಸಿಗುವುದಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಾವು ಎಲ್ಲವನ್ನೂ ತಿಳಿದವರಂತೆ ತಲೆಯಾಡಿಸಬೇಕಾಗುತ್ತದೆ.

ನಾನು ಓದಿದ್ದು ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ. ಮೇಷ್ಟ್ರುಗಳು ಒಳ್ಳೆಯವರು, ಆದರೆ ಅವರ ಸಂಖ್ಯೆ ಕಡಿಮೆ, ತರಗತಿಯೋ ಕಿಕ್ಕಿರಿದಿತ್ತು. ಗಣಿತದ ಹುದ್ದೆ ಬಹುಕಾಲ ಖಾಲಿ ಇದ್ದುದರಿಂದ ಪೈಥಾಗೊರಸ್ ಪ್ರಮೇಯವನ್ನು ಗೈಡಿನಿಂದ ಉರುಹೊಡೆದೇ ನಾವು ಪಾಸಾದೆವು. ಅದು ಏಕೆ ನಿಜ ಎಂದು ಕೇಳಲು ಆಗ ಯಾರೂ ಇರಲಿಲ್ಲ. ಹೀಗೆ ಕೈತಪ್ಪಿದ ಪಾಠಗಳಲ್ಲಿ ಇಂದಿಗೂ ನನ್ನನ್ನು ಕಾಡುವುದು ಇತಿಹಾಸದ ಒಂದು ಪಾಠ. ಅಶೋಕನ ಶಾಸನಗಳ ಬಗ್ಗೆ ಪುಸ್ತಕದಲ್ಲಿ ಎರಡು ಪುಟಗಳಿದ್ದವು, ‘ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆಯೂ ಇತ್ತು, ಅದಕ್ಕೆ ಐದು ವಾಕ್ಯದ ಉತ್ತರವನ್ನು ನಾವೆಲ್ಲ ಕಲಿತಿದ್ದೆವು. ಆ ಶಾಸನಗಳಲ್ಲಿ ಮೂರು ನಮ್ಮದೇ ಜಿಲ್ಲೆಯಲ್ಲಿ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಬಂಡೆಯ ಮೇಲೆಯೇ ಇವೆ ಎಂಬುದನ್ನು ಯಾರೂ ಹೇಳಲಿಲ್ಲ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮುಂಚೆ ಜಗಳೂರೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು.

1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಆ ಶಾಸನಗಳನ್ನು ನಾನು ಸರಿಯಾಗಿ ತಿಳಿದದ್ದು ಪದವಿಯಲ್ಲಿ ಇತಿಹಾಸವನ್ನು ಆರಿಸಿಕೊಂಡ ಮೇಲೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಹೋದ ಆದೇಶ ಅದು. ಮೊದಲಿಗೆ ಅವರ ಆರೋಗ್ಯ ವಿಚಾರಿಸುತ್ತದೆ, ಬಳಿಕ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಮೇಲಾದದ್ದನ್ನು ಪಡೆಯಬಲ್ಲರು ಎನ್ನುತ್ತದೆ, ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂದು ಹೇಳುತ್ತದೆ. ಕೊನೆಯಲ್ಲಿ ಅದನ್ನು ಬರೆದ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನೂ ಕೊರೆದಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ಪದವೊಂದನ್ನು ವಾಯವ್ಯ ಗಡಿಯ ಕಡೆ ಬಳಕೆಯಲ್ಲಿದ್ದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಕಲಿತ ಒಬ್ಬ ಬರಹಗಾರ ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಬಯಲುಸೀಮೆಯ ಬಂಡೆಯ ಮುಂದೆ ಕುಳಿತಿದ್ದನೆಂದು ಹದಿಮೂರು ವರ್ಷದ ಮಕ್ಕಳಿಗೆ ಹೇಳಿದ್ದರೆ, ಒಂದು ದಿನ ಬಸ್ಸು ಮಾಡಿಕೊಂಡು ಕರೆದೊಯ್ದಿದ್ದರೆ, ಆ ತರಗತಿಯಲ್ಲಿ ಎಷ್ಟು ಮಂದಿಗೆ ಓದಿನ ಮೇಲೆ ಪ್ರೀತಿ ಹುಟ್ಟುತ್ತಿತ್ತೋ! ಆ ಪಾಠವನ್ನು ಆ ಬಂಡೆಯ ಎದುರಿಗೇ ಕುಳಿತು ಮತ್ತೊಮ್ಮೆ ಕೇಳಬೇಕೆಂಬುದು ನನ್ನ ಆಸೆ.

ಇಷ್ಟಾದರೂ ನಾನು ಹತ್ತನೇ ತರಗತಿಯವರೆಗೆ ಬೆಂಚಿನ ಮೇಲೆ ಕುಳಿತವಳು. ನನ್ನ ಅತ್ತಿಗೆಗೆ ಅದೂ ದೊರೆಯಲಿಲ್ಲ. ಅವರ ತವರು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಒಳ್ಳೆಯ ಅಂಕಗಳಲ್ಲಿ ಪಾಸು ಮಾಡಿದ ಮೇಲೆ ಮನೆಯಲ್ಲಿ ‘ಸಾಕು’ ಎಂದರು. ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಿತ್ತು, ತಂದೆತಾಯಿ ಬೆಳಗಿನ ಜಾವವೇ ಭಟ್ಟಿಗೆ ಹೋಗುತ್ತಿದ್ದರು, ಸ್ವಲ್ಪ ದಿನದಲ್ಲಿ ಅವರೂ ಹೋಗತೊಡಗಿದರು. ಆ ಕಾಲದಲ್ಲಿ ಮಧ್ಯಾಹ್ನದ ಬಿಸಿಯೂಟ ಇರಲಿಲ್ಲ, ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲೂ ಇರಲಿಲ್ಲ, ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂದು ಹೇಳುವ ಕಾಯ್ದೆ 2010ರ ಏಪ್ರಿಲ್ 1ರವರೆಗೂ ಜಾರಿಗೆ ಬಂದಿರಲಿಲ್ಲ. ಇವೆಲ್ಲವೂ ಬಂದದ್ದು ಬಹಳ ಒಳ್ಳೆಯದಾಯಿತು. ಆದರೆ ಇವು ಬರುವ ಮೊದಲೇ ಶಾಲೆ ಬಿಟ್ಟವರು ಎಲ್ಲಿಗೂ ಹೋಗಿಲ್ಲ. ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ನಮ್ಮ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ನಮ್ಮ ರಾಜ್ಯದಲ್ಲಿ ಎಷ್ಟೋ ಕಾರ್ಯಕ್ರಮಗಳು ನಡೆದಿವೆ. ಹದಿನಾಲ್ಕು ದಾಟಿದವರ ಹೆಸರು ಆ ಪಟ್ಟಿಗಳಲ್ಲಿ ಇರಲಿಲ್ಲ.

ಮಗಳ ಮದುವೆಯಾದ ಮೇಲೆ ಅತ್ತಿಗೆ ಎಸ್‌ಎಸ್‌ಎಲ್‌ಸಿ ಕಟ್ಟುವುದಾಗಿ ಹೇಳಿದರು. ಅಣ್ಣ ಮೊದಲು ಸುಮ್ಮನಿದ್ದ, ಆಮೇಲೆ ತಾನೇ ಹೋಗಿ ಎಂಟು, ಒಂಬತ್ತು, ಹತ್ತನೇ ತರಗತಿಯ ಪುಸ್ತಕಗಳನ್ನೆಲ್ಲ ತಂದುಕೊಟ್ಟ. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ದ್ರವ್ಯದ ಸ್ಥಿತಿಗಳ ಪಾಠ ಓದುತ್ತಿದ್ದರು. ದ್ರವವು ಅನಿಲವಾದಾಗ ಹೆಚ್ಚು ಜಾಗ ಬೇಕಾಗುತ್ತದೆ ಎಂಬ ಮಾತಿಗೆ ಬಂದು ನಿಂತಿದ್ದರು. ನಾನು ತಿಳಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು.

“ನೋಡವ್ವ, ಭಟ್ಟಿಯಾಗೆ ಅಕ್ಕಿಗೆ ಉಪ್ಪುನೀರು ಹಚ್ಚಿ ಇಡ್ತೀವಿ. ಪೂರಾ ಒಣಗಿದ ಅಕ್ಕಿ ಅರಳಂಗಿಲ್ಲ, ಸೀದು ಹೋಗ್ತೈತಿ. ಒಳಗೆ ಒಂಚೂರು ಪಸೆ ಇರಬೇಕು, ಮರಳು ಚೆನ್ನಾಗಿ ಕಾದಿರಬೇಕು. ಅಂಗಾದ್ರೆ ಆ ಪಸೆನೇ ಆವಿಯಾಗಿ ಅಕ್ಕಿನ ಒಳಗಿಂದ ಉಬ್ಬಿಸ್ತೈತಿ ಅನ್ನು!”

“ಹೌದು ಅತ್ತಿಗೆ, ಅದೇ ಪಾಠ ಇದು” ಎಂದೆ.

“ಮತ್ತೆ ಇದನ್ನ ಯಾಕೆ ಬರ್ದಿಲ್ಲ ಇದ್ರಾಗೆ?” ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ನೀರು ಕುದಿದು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ನಾನು ಆ ಅಂಕಿಯನ್ನು ಓದಿ ತಿಳಿದವಳು, ಅತ್ತಿಗೆ ಅದರ ಪರಿಣಾಮವನ್ನು ಹನ್ನೆರಡು ಹದಿಮೂರನೇ ವಯಸ್ಸಿನಿಂದ ಬಾಣಲೆಯ ಮುಂದೆ ನಿಂತು ಕಂಡವರು. ಭತ್ತವನ್ನು ನೆನೆಸಿ, ಕಾಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಮತ್ತೆ ಹದವಾಗಿ ಬಿಸಿ ತೋರಿಸಿ ಮರಳಿಗೆ ಹಾಕುವವರೆಗಿನ ಒಂದೊಂದು ಹಂತಕ್ಕೂ ಒಂದು ಕಾರಣವಿದೆ. ಆ ಕಾರಣಗಳೆಲ್ಲ ಅವರ ಕೈಯಲ್ಲಿದ್ದವು, ಅವುಗಳ ಹೆಸರುಗಳು ಪುಸ್ತಕದಲ್ಲಿದ್ದವು, ಇವೆರಡನ್ನೂ ಕೂಡಿಸುವ ಒಬ್ಬ ಮೇಷ್ಟ್ರು ಇರಲಿಲ್ಲ. ವಯಸ್ಸಾದ ಮೇಲೆ ಕಲಿಯುವುದು ಕಷ್ಟ ಎನ್ನುವವರು ಈ ಲಾಭದ ಕಡೆಗೂ ಸ್ವಲ್ಪ ನೋಡಬೇಕು.

ಹಾಗೆಂದು ಎಲ್ಲ ಪಾಠವೂ ಮಂಡಕ್ಕಿಯಂತೆ ಸುಲಭವಾಗಿ ಒದಗಿ ಬರುವುದಿಲ್ಲ. ಬೀಜಗಣಿತಕ್ಕೆ ಬಂದಾಗ ಅತ್ತಿಗೆ ನಿಂತುಬಿಟ್ಟರು. ಕಲಿಸುವವರನ್ನು ಹುಡುಕಿಕೊಂಡು ಊರಿನ ಒಂದೆರಡು ಟ್ಯುಟೋರಿಯಲ್‌ಗಳಿಗೆ ಹೋದರೆ, ಒಂದು ಕಡೆ ‘ನೋಟ್ಸ್ ಕೊಡ್ತೀವಮ್ಮ, ಬಾಯಿಪಾಠ ಮಾಡಿ’ ಎಂದರು. ಇನ್ನೊಂದು ಕಡೆ ಹದಿನಾರು ವರ್ಷದ ಹುಡುಗರ ನಡುವೆ ಬೆಳಗಿನ ಬ್ಯಾಚಿನಲ್ಲಿ ಕೂರಬಹುದೆಂದರು, ಆದರೆ ಅದು ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಯೂಟ್ಯೂಬಿನ ಪಾಠಗಳು ಒಳ್ಳೆಯವೇ, ಆದರೆ ನಡುವೆ ಅನುಮಾನ ಬಂದರೆ ಕೇಳುವುದು ಯಾರನ್ನು?

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ವ್ಯವಸ್ಥೆ ಪರೀಕ್ಷೆಯ ವಿಷಯದಲ್ಲಿ ಸಾಕಷ್ಟು ಉದಾರವಾಗಿದೆ. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಬಹುದು. 2024ರಲ್ಲಿ ನಮ್ಮ ಮಂಡಳಿ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಕೊಟ್ಟಿತು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂಬತ್ತು ಬಾರಿ ಪ್ರಯತ್ನಿಸಬಹುದು. ಆದರೆ ಏಳನೇ ತರಗತಿಗೆ ಶಾಲೆ ಬಿಟ್ಟ ಹೆಂಗಸಿಗೆ ಮೂರು ಬಾರಿಯಾಗಲಿ ಒಂಬತ್ತು ಬಾರಿಯಾಗಲಿ ಪ್ರಶ್ನೆಪತ್ರಿಕೆಯನ್ನು ಮಾತ್ರ ಕೊಟ್ಟರೆ ಏನು ಬಂತು? ಅವರು ಕಳೆದುಕೊಂಡದ್ದು ಎಂಟು, ಒಂಬತ್ತು, ಹತ್ತನೇ ತರಗತಿಯ ಮೂರು ವರ್ಷದ ಪಾಠವನ್ನು. ಮರಳಿ ಸಿಗಬೇಕಾದದ್ದೂ ಅದೇ.

‘ಈ ವಯಸ್ಸಿನಲ್ಲಿ ಓದಿ ಯಾವ ನೌಕರಿಗೆ ಹೋಗಬೇಕು’ ಎಂದು ಕೇಳುವವರಿಗೆ ಉತ್ತರಿಸಿ ಅತ್ತಿಗೆಗೆ ಬೇಸರವಾಗಿದೆ. ನೌಕರಿಯ ಮಾತನ್ನೂ ತಳ್ಳಿಹಾಕಲಾಗದು, ಈಗ ಅಂಗನವಾಡಿ ಸಹಾಯಕಿಯಾಗಲೂ ಎಸ್‌ಎಸ್‌ಎಲ್‌ಸಿ ಕೇಳುತ್ತಾರೆ. ಆದರೆ ಅತ್ತಿಗೆ ಓದುತ್ತಿರುವುದು ತಿಳಿಯಬೇಕೆಂಬ ಆಸೆಯಿಂದ, ಅಷ್ಟು ಕಾರಣ ಸಾಕು. ಕೀನ್ಯಾದಲ್ಲಿ 2003ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾದಾಗ ಕಿಮಾನಿ ಮರುಗೆ ಎಂಬ ವೃದ್ಧರು ಅದು ತಮಗೂ ಅನ್ವಯಿಸುತ್ತದೆಂದು ಭಾವಿಸಿ, ಮರುವರ್ಷ, 84ನೇ ವಯಸ್ಸಿನಲ್ಲಿ ಒಂದನೇ ತರಗತಿಗೆ ಸೇರಿದರು. ಅಷ್ಟು ದೂರವೇಕೆ, ಪಕ್ಕದ ಕೇರಳದಲ್ಲಿ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದರು. ಅವರ ಫೋಟೊವನ್ನು ನಾವೆಲ್ಲ ಹಂಚಿಕೊಂಡೆವು. ಅವರ ಹಿಂದೆ ಇದ್ದ ಏರ್ಪಾಡನ್ನು ಮಾತ್ರ ಗಮನಿಸಲಿಲ್ಲ. ಕೇರಳದ ಸಾಕ್ಷರತಾ ಮಿಷನ್ ಅಕ್ಷರ ಕಲಿಸಿ ಕೈಬಿಡುವುದಿಲ್ಲ. ನಾಲ್ಕನೇ, ಏಳನೇ, ಹತ್ತನೇ ಮತ್ತು ಹನ್ನೆರಡನೇ ತರಗತಿಗೆ ಸಮಾನವಾದ ಓದನ್ನು ದೊಡ್ಡವರಿಗೆಂದೇ ನಡೆಸುತ್ತದೆ, ರಜೆಯ ದಿನಗಳಲ್ಲಿ ಮುಖಾಮುಖಿ ತರಗತಿಗಳೂ ಇರುತ್ತವೆ. ಇದು ಹೊಸ ವಿಚಾರವೂ ಅಲ್ಲ. ಪುಣೆಯಲ್ಲಿ ಫುಲೆ ದಂಪತಿ ದುಡಿಯುವ ಜನರಿಗಾಗಿ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ.

ದಾವಣಗೆರೆಯವರಾದ ನಮಗೆ ಇದನ್ನು ಕೇಳುವ ಹಕ್ಕು ಇನ್ನೂ ಹೆಚ್ಚಾಗಿಯೇ ಇದೆ. ಹತ್ತಿ ಗಿರಣಿಗಳಿಂದ ಹೆಸರಾದ ಈ ಊರು 1951ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ 1965ರಲ್ಲಿ ವೈದ್ಯಕೀಯ ಕಾಲೇಜನ್ನೂ ಕಂಡಿತು, 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಹೊರರಾಜ್ಯದ ಮಕ್ಕಳು ಇಲ್ಲಿಗೆ ಬಂದು ಡಾಕ್ಟರಾಗಿ, ಎಂಜಿನಿಯರಾಗಿ ಹೋಗುತ್ತಾರೆ. ಅದೇ ಊರಿನಲ್ಲಿ ಗಿರಣಿಗೂ ಭಟ್ಟಿಗೂ ದುಡಿದವರಿಗೆ ಎಂಟನೇ ತರಗತಿಯ ಗಣಿತ ಹೇಳಿಕೊಡಲು ಒಂದು ಕೋಣೆ ಸಿಗಲಿಲ್ಲವೆಂದರೆ ಅದು ನಮಗೆ ಶೋಭೆಯಲ್ಲ. ಕೋಣೆಗಳೇನೋ ಇವೆ, ಭಾನುವಾರ ನಮ್ಮ ಸರ್ಕಾರಿ ಪ್ರೌಢಶಾಲೆಗಳೆಲ್ಲ ಬೀಗ ಹಾಕಿಕೊಂಡು ನಿಂತಿರುತ್ತವೆ. ಗುರುವಂದನೆಯಲ್ಲಿ ಶಾಲು ಹೊದೆಸಿಕೊಳ್ಳುವ ನಿವೃತ್ತ ಮೇಷ್ಟ್ರುಗಳಲ್ಲಿ ಪಾಠ ಮಾಡುವ ಹುಮ್ಮಸ್ಸು ಇನ್ನೂ ಇರುವವರು ಎಷ್ಟೋ ಮಂದಿ ಇದ್ದಾರೆ. ಇಲಾಖೆ ತಾಲ್ಲೂಕಿಗೆ ಒಂದು ಶಾಲೆಯಲ್ಲಾದರೂ ಭಾನುವಾರದ ತರಗತಿಗೆ ಅನುಮತಿ ನೀಡಿ, ಕಲಿಸುವವರಿಗೆ ಗೌರವಧನ ಗೊತ್ತುಪಡಿಸಬೇಕು. ಹತ್ತು ಮಂದಿ ಸೇರಿದರೂ ತರಗತಿ ನಡೆಸಬೇಕು, ಪರೀಕ್ಷೆ ಕಟ್ಟಲೇಬೇಕೆಂಬ ಒತ್ತಾಯವಿರಬಾರದು. ನನ್ನಂತೆ ಪಾಸಾಗಿಯೂ ಪಾಠ ಕಳೆದುಕೊಂಡವರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ.

ಇಲಾಖೆಯಿಂದ ಉತ್ತರ ಬರುವವರೆಗೆ ಕಾಯಬೇಕಾಗಿಲ್ಲ. ಅತ್ತಿಗೆಯ ಜೊತೆಗೆ ಅವರ ಸ್ವಸಹಾಯ ಸಂಘದ ನಾಲ್ವರು ಬರುವುದಾಗಿ ಹೇಳಿದ್ದಾರೆ. ಅವರಿಗೆ ಒಪ್ಪುವ ಹೊತ್ತು ಭಾನುವಾರ ಮಧ್ಯಾಹ್ನ ಎರಡರಿಂದ ಐದು. ಜಾಗಕ್ಕಾಗಿ ನಮ್ಮ ಬಡಾವಣೆಯ ಶಾಲೆಯ ಎಸ್‌ಡಿಎಂಸಿಯವರಿಗೆ ಮನವಿ ಬರೆಯುತ್ತಿದ್ದೇನೆ. ಕನ್ನಡ ಮತ್ತು ಇತಿಹಾಸವನ್ನು ನಾನು ಹೇಳಿಕೊಡಬಲ್ಲೆ. ಗಣಿತಕ್ಕೂ ಇಂಗ್ಲಿಷಿಗೂ ತಾಳ್ಮೆಯಿರುವ ಒಬ್ಬೊಬ್ಬರು ಬೇಕಾಗಿದ್ದಾರೆ. ದಾವಣಗೆರೆಯಲ್ಲಿರುವ ನಿವೃತ್ತ ಮೇಷ್ಟ್ರುಗಳು, ಮೇಡಂಗಳು ದಯವಿಟ್ಟು ತಿಳಿಸಿ. ಅಂಥವರ ಪರಿಚಯವಿರುವ ಹಳೆಯ ವಿದ್ಯಾರ್ಥಿಗಳು ಈ ಬರಹವನ್ನು ಅವರಿಗೆ ಓದಿ ಹೇಳಿ.