ಹೊಸ ದಾರ ಕೊಡುವುದಿಲ್ಲ

ಮೊನ್ನೆ ಒಂದು ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ನೋಡಲು ಬಂದವರೇ ಕೈ ಹಾಕಬೇಕು, ಆಗಲೇ ಕೃತಿ ಆಗುತ್ತದೆ ಅನ್ನುವಂಥದ್ದು. "ಇದೆಲ್ಲಾ ಕಲೇನಾ?" ಅಂತ ಜೊತೆಗಿದ್ದ ಗೆಳತಿ ಬಾಗಿಲಲ್ಲೇ ಕೇಳಿದಳು. ಆ ಪ್ರಶ್ನೆ ಇನ್ನೂ ತಲೆಯಲ್ಲಿದೆ.

ಮೊದಲ ಕೋಣೆಯ ಗೋಡೆ ತುಂಬಾ ಬಣ್ಣದ ಚೀಟಿಗಳು. ನಿಮ್ಮ ಕನಸು ಬರೆದು ಅಂಟಿಸಿ ಅಂತ. ಬರೆದೆ, ಅಂಟಿಸಿದೆ. ಆಚೆ ಬರುವಷ್ಟರಲ್ಲಿ ಏನು ಬರೆದೆ ಅನ್ನುವುದೇ ಮರೆತಿತ್ತು. ನಾನು ಬರೆಯದಿದ್ದರೂ ಆ ಗೋಡೆಗೆ ಏನೂ ಆಗುತ್ತಿರಲಿಲ್ಲ. ಅದನ್ನು ಕಲೆ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಎರಡನೇ ಕೋಣೆಯಲ್ಲಿ ಉದ್ದನೆಯ ಮೇಜು, ಮೇಲೆ ಬಿಳಿ ಬಟ್ಟೆ. ಬಟ್ಟೆ ತುಂಬಾ ಕೆಂಪು ದಾರದ ಹೊಲಿಗೆ: ಹೆಸರುಗಳು, ಹೂವು, ಸೊಟ್ಟ ಗೆರೆಗಳು. ಪಕ್ಕದಲ್ಲಿ ಸೂಜಿ. ಸೂಚನೆ ಇಷ್ಟೇ: ಹೊಸ ದಾರ ಕೊಡುವುದಿಲ್ಲ. ಬೇರೆಯವರ ಹೊಲಿಗೆ ಬಿಚ್ಚಿ, ಆ ದಾರದಲ್ಲೇ ಹೊಲಿಯಿರಿ.

ಸೂಜಿ ಹಿಡಿದು ಹತ್ತು ನಿಮಿಷ ನಿಂತೆ. ಒಂದು ಕಡೆ ಅರ್ಧ ಹಕ್ಕಿ ಇತ್ತು, ಯಾವುದೋ ಮಗು ಹೊಲಿದಿರಬೇಕು. ಮುಟ್ಟಲು ಆಗಲಿಲ್ಲ. ಯಾರದೋ ಹೆಸರಿನ ಕೊನೇ ಅಕ್ಷರ? ಅದೂ ಬೇಡ ಅನ್ನಿಸಿತು. ಕೊನೆಗೆ ಅಂಚಿನ ಒಂದು ನೇರ ಗೆರೆಗೆ ಕೈ ಹಾಕಿದೆ. ಸುಮ್ನೆ ಗೆರೆ ಅಲ್ವಾ ಅಂದುಕೊಂಡೆ. ಬಟ್ಟೆ ಮಗುಚಿ ನೋಡಿದರೆ ಹಿಂದೆ ಮೂರು ಗಂಟು. ಇದು ಉಳಿಯಲಿ ಅಂತ ಯಾರೋ ಆಸೆಪಟ್ಟಿದ್ದರು. ಉಗುರಿಗೆ ಬಗ್ಗದ ಗಂಟನ್ನು ಸೂಜಿ ಮೊನೆಯಿಂದ ಬಿಡಿಸಿದೆ. ಕೈಗೆ ಬಂದ ದಾರದಲ್ಲಿ ಹಳೇ ಹೊಲಿಗೆಯ ಮಡಿಕೆಗಳು ಹಾಗೇ ಇದ್ದವು. ಬಟ್ಟೆಯಲ್ಲಿ ಸಾಲಾಗಿ ಸಣ್ಣ ತೂತುಗಳು.

ನೋಡುವವರ ಕೈಗೇ ಕೃತಿ ಒಪ್ಪಿಸುವುದು ಹೊಸದೇನಲ್ಲ. 1964ರಲ್ಲಿ ಕಲಾವಿದೆ ಯೋಕೊ ಓನೊ ಜಪಾನಿನ ಕ್ಯೋಟೊದಲ್ಲಿ ವೇದಿಕೆ ಮೇಲೆ ಕತ್ತರಿ ಇಟ್ಟುಕೊಂಡು ಕೂತರು. ಬಂದವರು ಆಕೆ ತೊಟ್ಟ ಬಟ್ಟೆಯನ್ನೇ ಕತ್ತರಿಸಿಕೊಂಡು ಹೋಗಬಹುದಿತ್ತು. 1991ರಲ್ಲಿ ಫೆಲಿಕ್ಸ್ ಗೊನ್ಜಾಲೆಜ್-ಟೊರೆಸ್ ಎಂಬ ಕಲಾವಿದ ಕೋಣೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ ಹಾಕಿದರು. ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ, ಒಬ್ಬ ಮನುಷ್ಯನ ತೂಕದಷ್ಟು. ಅದು ಏಡ್ಸ್‌ನಿಂದ ತೀರಿಕೊಂಡ ಅವರ ಸಂಗಾತಿ ರಾಸ್‌ ಅವರ ಭಾವಚಿತ್ರ. ನಾವು ಒಂದೊಂದೇ ಮಿಠಾಯಿ ತೆಗೆದುಕೊಂಡಂತೆ ಆ ಮನುಷ್ಯ ಕರಗುತ್ತಾನೆ. ರಾಶಿಯನ್ನು ಮತ್ತೆ ತುಂಬಲೂಬಹುದು. ಇದನ್ನು ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮಿಠಾಯಿ ಸುರಿಯಲು ಯಾರಿಗೆ ಬರಲ್ಲ ಅನ್ನುತ್ತಾರೆ. ಸುರಿಯಲು ಎಲ್ಲರಿಗೂ ಬರುತ್ತದೆ. ಆದರೆ ಆ ತೂಕ ಯೋಚಿಸಿದವರು ಒಬ್ಬರೇ. ನಾನು ನೋಡಿದ ಬಟ್ಟೆಯಲ್ಲೂ ಕಲಾವಿದರ ಒಂದು ಹೊಲಿಗೆ ಇಲ್ಲ. ಅವರ ಕೆಲಸವೆಲ್ಲಾ ಆ ಸೂಚನೆಯಲ್ಲಿದೆ. ಒಂದು ಉಂಡೆ ಹೊಸ ದಾರ ಇಟ್ಟಿದ್ದರೆ ಅದೂ ಚೀಟಿ ಗೋಡೆಯ ಹಾಗೇ ಆಗುತ್ತಿತ್ತು. ಎಲ್ಲರೂ ಖುಷಿಯಾಗಿ ಹೊಲಿದು, ಫೋಟೋ ತೆಗೆದುಕೊಂಡು ಹೋಗುತ್ತಿದ್ದೆವು. ಬರೀ ಭಾಗವಹಿಸುವುದು ನನಗೆ ಸಾಲದು. ನನ್ನ ಕೈಯಿಂದ ಏನೋ ಆಗಿಹೋಗಬೇಕು, ಅದಕ್ಕೆ ನಾನೇ ಹೊಣೆ ಅನ್ನಿಸಬೇಕು. ಅಂಥದ್ದನ್ನು ಕಲೆ ಅಂತ ಒಪ್ಪಲು ನನಗೆ ಯಾವ ಅಳುಕೂ ಇಲ್ಲ.

ಗೆಳತಿ ಒಪ್ಪಲಿಲ್ಲ. "ಹೊಲಿಗೆ ಚೆನ್ನಾಗಿಲ್ಲ ಕಣೇ, ಅಷ್ಟೇ" ಅಂದಳು. ಆದರೆ ಅವಳೂ ಆ ಹಕ್ಕಿ ಬಿಚ್ಚಲಿಲ್ಲ.

ನಾನು ಒಂದು ಎಲೆ ಹೊಲಿದೆ. ಗಂಟು ಹಾಕುತ್ತಿದ್ದಾಗಲೇ ಪಕ್ಕದಲ್ಲಿ ಒಬ್ಬ ಹುಡುಗಿ ಬಂದು ನಿಂತಳು. "ಆಂಟಿ, ನಿಮ್ಮದು ಬಿಚ್ಚಲಾ?"

ಸೂಜಿ ಅವಳ ಕೈಗೆ ಕೊಟ್ಟೆ.