ಮಕ್ಕಳು ಕೇಳಿದರು, ನಾವು ಟೀ ಕುಡಿದೆವು

ನಿನ್ನೆ ನಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಇತ್ತು. ಊರಿಗೆ ಬಂದಿದ್ದೆನಲ್ಲ, ಸುಮ್ನೆ ಹೋಗಿ ಹಿಂದೆ ನಿಂತೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕ್ ಹಿಡಿದಳು. "ಶಾಲೆ ಶೌಚಾಲಯಕ್ಕೆ ನೀರು ಕೊಡ್ತೀವಿ ಅಂತ ಹೋದ ವರ್ಷವೂ ಬರ್ಕೊಂಡಿದ್ರಿ. ಆ ಪುಸ್ತಕ ತೋರಿಸ್ತೀರಾ ಸಾರ್?" ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರು, ನಡಾವಳಿ ಪುಸ್ತಕ ತರಿಸಲೇಬೇಕಾಯಿತು.

ಖುಷಿ ಆಯ್ತು ಅಂದರೆ ಅರ್ಧ ಮಾತ್ರ ನಿಜ. ಹೊಟ್ಟೆಕಿಚ್ಚೂ ಆಯ್ತು. ಆ ವಯಸ್ಸಲ್ಲಿ ನಾನು ಹೆಡ್‌ಮಾಸ್ತರ್ ಎದುರಿಗೆ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ.

ಅಲ್ಲಿಂದ ಬಸ್‌ಸ್ಟ್ಯಾಂಡ್ ಹೋಟೆಲಿಗೆ ಬಂದರೆ ದೊಡ್ಡವರ ಗ್ರಾಮಸಭೆ ಜೋರಾಗಿ ನಡೆದಿತ್ತು. ಸರ್ಕಾರಿ ಮನೆ ಪಟ್ಟಿಯಲ್ಲಿ ಯಾರ ಹೆಸರು ಹೇಗೆ ಸೇರಿತು, ಚರಂಡಿಗೆ ಎಷ್ಟು ಮೂಟೆ ಸಿಮೆಂಟ್ ಬಿತ್ತು, ಎಲ್ಲ ಗೊತ್ತು ಇವರಿಗೆ. ಎಲ್ಲ ಅಂದರೆ ಎಲ್ಲ! "ಇದನ್ನ ಸಭೆಯಲ್ಲಿ ಕೇಳಿದ್ರಾ?" ಅಂದೆ. ಸಕ್ಕರೆ ಕಮ್ಮಿ ಅಂತ ಟೀ ವಾಪಸ್ ಕಳಿಸುವ ಧೈರ್ಯ ಇದ್ದವರೆಲ್ಲ ನೆಲ ನೋಡಿದರು.

ಮನೆ ಯಾರಿಗೆ ಸಿಗಬೇಕು, ಯಾವ ರಸ್ತೆ ಮೊದಲು ಆಗಬೇಕು ಅನ್ನೋದನ್ನು ಮಾತಾಡುವ ಜಾಗವೇ ಗ್ರಾಮಸಭೆ. ಆರು ತಿಂಗಳಿಗೆ ಒಂದಾದರೂ ನಡೆಯಬೇಕು ಅಂತ 1993ರ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ನಮ್ಮಲ್ಲಿ ಏನಾಗುತ್ತೆ? ಬರ್ತಾರೆ, ಸಹಿ ಹಾಕ್ತಾರೆ, ಹೋಗ್ತಾರೆ. ಸಭೆಗೆ ಬೇಕಾದಷ್ಟು ಜನ, ಅಂದರೆ ಕೋರಂ, ಸಾಲದಿದ್ದರೆ ಹಾಜರಿ ಪುಸ್ತಕವೇ ಮನೆ ಮನೆಗೆ ಬರುತ್ತದೆ. ಎಂಥ ಸೇವೆ ನೋಡಿ! ಆಮೇಲೆ ಅದೇ ಸಹಿ ತೋರಿಸಿ "ಊರವರೆಲ್ಲ ಒಪ್ಪಿದ್ದಾರೆ" ಅಂತ ಬರೆದುಕೊಳ್ಳುತ್ತಾರೆ. ಅದಕ್ಕೂ ಹೋಟೆಲಲ್ಲೇ ಬೈಗುಳ.

ನಜೀರ್ ಸಾಬ್ ಅವರನ್ನು ನಮ್ಮಪ್ಪನ ಕಾಲದವರು ನೀರ್ ಸಾಬ್ ಅಂತಲೇ ಕರೆಯುತ್ತಿದ್ದರು. ಊರೂರಿಗೆ ಬೋರ್‌ವೆಲ್ ಹಾಕಿಸಿದ ಮಂತ್ರಿ. ಅವರು ಹಿಂದೆ ಬಿದ್ದು ತಂದ ಕಾನೂನಿನಿಂದಲೇ 1987ರ ಪಂಚಾಯ್ತಿ ಚುನಾವಣೆಯಲ್ಲಿ ಹೆಂಗಸರಿಗೆ ಕಾಲು ಭಾಗ ಸೀಟು ಸಿಕ್ಕಿದ್ದು. ದೇಶದ ಪಂಚಾಯ್ತಿಗಳಲ್ಲೆಲ್ಲ ಹೆಂಗಸರಿಗೆ ಸೀಟು ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ! ಈಗ ಅರ್ಧ ಸೀಟು ಹೆಂಗಸರದು. ಆದರೆ ಅಧ್ಯಕ್ಷೆಗೆ ಕೇಳಿದ ಪ್ರಶ್ನೆಗೆ ಪಕ್ಕದ ಕುರ್ಚಿಯ ಯಜಮಾನರು ಉತ್ತರ ಕೊಟ್ಟರೆ, "ತಾವು ಯಾರು ಸ್ವಾಮಿ?" ಅಂತ ಕೇಳುವವರು ಒಬ್ಬರೂ ಇಲ್ಲ. ಹೊರಗೆ ಬಂದು ನಗೋದು ಮಾತ್ರ ಎಲ್ಲರೂ.

ಬೆಂಗಳೂರಿನ ಗೆಳೆಯರೇ, ನೀವು ನಗಬೇಡಿ. ನಿಮ್ಮ ಅಪಾರ್ಟ್‌ಮೆಂಟ್ ಮೀಟಿಂಗನ್ನೂ ನೋಡಿದ್ದೀನಿ. ಅಲ್ಲಿ ಮೌನ, ವಾಟ್ಸಾಪಿನಲ್ಲಿ ಯುದ್ಧ.

"ಮಾತಾಡಿದರೆ ಪಟ್ಟಿಯಿಂದ ಹೆಸರು ಹಾರುತ್ತೆ, ಜನ ಹೆದರ್ತಾರೆ" ಅಂತ ಒಬ್ಬರು ಹೇಳಿದರು. ನಿಜ. ಕೂಲಿ ಮಾಡಿ ಬದುಕುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಿಂಗಳಾದರೆ ಪೆನ್ಷನ್ ಬರುವ ಮೇಷ್ಟ್ರೇ, ಎರಡಂತಸ್ತಿನ ಮನೆ ಕಟ್ಟಿಸಿರುವ ಗೌಡ್ರೇ, ನಿಮ್ಮ ಹೆಸರು ಯಾವ ಪಟ್ಟಿಯಿಂದ ಹಾರುತ್ತೆ ಹೇಳಿ? ನಿಮ್ಮದು ಹೆದರಿಕೆ ಅಲ್ಲ. "ನಾಳೆ ಮುಖ ಮುಖ ನೋಡಬೇಕಲ್ಲ" ಅನ್ನೋ ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋದಕ್ಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳ್ತಿದ್ದಳು. ನೀವು ಬಾಯಿ ಬಿಟ್ಟಿದ್ದರೆ ಹಿಂದಿನ ಸಾಲಿನ ಕೂಲಿಯವರೂ ಎದ್ದು ನಿಲ್ಲುತ್ತಿದ್ದರು, ಅಲ್ವಾ? ಮೊದಲ ಮಾತಿನ ಖರ್ಚು ಭರಿಸೋ ಶಕ್ತಿ ಇರೋದು ನಿಮಗೇ.

ಭಾಷಣ ಬರಲ್ಲ ಅಂತೀರಾ? ಬೇಡ. ಒಂದು ಹಾಳೆಯಲ್ಲಿ ಬರೆದುಕೊಡಿ, ಸ್ವೀಕೃತಿ ತಗೊಳ್ಳಿ, ನಡಾವಳಿಯಲ್ಲಿ ಸೇರಿಸಿ ಅಂತ ಅಲ್ಲೇ ನಿಂತುಕೊಳ್ಳಿ. ಉತ್ತರ ಬರದಿದ್ದರೆ 2005ರಿಂದ ಮಾಹಿತಿ ಹಕ್ಕು ಇದೆ, ಹತ್ತು ರೂಪಾಯಿ ಅರ್ಜಿ ಶುಲ್ಕ. ಹೋಟೆಲಲ್ಲಿ ಅದಕ್ಕಿಂತ ಜಾಸ್ತಿ ದಿನಾ ಖರ್ಚು ಮಾಡ್ತೀರಿ.

ಮುಂದಿನ ಗ್ರಾಮಸಭೆಯ ನೋಟಿಸ್ ಅಂಟಿಸಿದ ದಿನ ಅದರ ಫೋಟೋ ಇಲ್ಲೇ ಹಾಕ್ತೀನಿ. ಮೇಷ್ಟ್ರೇ, ನಿಮ್ಮನ್ನು ಟ್ಯಾಗ್ ಮಾಡೋದು ಖಂಡಿತ. ಲೈಕ್ ಒತ್ತಿ ತಪ್ಪಿಸಿಕೊಳ್ಳಬೇಡಿ.